ಅಂಚಿನ ಹಾಡು, ಬೋರ್‌ವೆಲ್ ನೀರು

ಎಲ್‌ಪಿಯಲ್ಲಿ, ಅಂದ್ರೆ ಲಾಂಗ್ ಪ್ಲೇ ಗ್ರಾಮಫೋನ್ ಪ್ಲೇಟಿನಲ್ಲಿ, ಯಾವ ಹಾಡು ಮೈ ಜುಮ್ಮೆನ್ನಿಸುತ್ತೆ ಅನ್ನೋದು ಅದು ಪ್ಲೇಟಿನ ಯಾವ ಜಾಗದಲ್ಲಿದೆ ಅನ್ನೋದರ ಮೇಲೂ ನಿಂತಿದೆ. 12 ಇಂಚಿನ ಪ್ಲೇಟು ನಿಮಿಷಕ್ಕೆ 33⅓ ಸುತ್ತು ತಿರುಗುವಾಗ, ಹೊರ ಅಂಚಿನಲ್ಲಿ ಸೂಜಿಯಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಹಾದುಹೋಗುತ್ತೆ. ಲೇಬಲ್ ಹತ್ತಿರ ಬರೀ 21. ಅಷ್ಟೇ ಸಂಗೀತವನ್ನ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಲೇಬಲ್ ಪಕ್ಕದ ಕೊನೆಯ ಹಾಡಲ್ಲಿ ‘ಸ’ಕಾರ ಸಿಡಿಯೋದು ಇದಕ್ಕೇ. ಫ್ರೆಂಚ್ ಸಂಗೀತಗಾರ ರಾವೆಲ್‌ನ ಆರ್ಕೆಸ್ಟ್ರಾ ಕೃತಿ ‘ಬೊಲೆರೊ’ ಪ್ಲೇಟಿನ ಒಂದು ಬದಿಯ ಕೊನೆಗೆ ಬಂದರಂತೂ ಅನ್ಯಾಯ: ಮೆಲ್ಲಗೆ ಶುರುವಾಗಿ, ಅಬ್ಬರಕ್ಕೆ ಏರೋದೇ ಆ ಇಕ್ಕಟ್ಟಿನಲ್ಲಿ!

ಬದಿಗೆ 18-20 ನಿಮಿಷ ಇರೋ ಪ್ಲೇಟು ಹುಡುಕಿ. 25 ದಾಟಿದರೆ ದನಿಯ ಮಟ್ಟ ತಗ್ಗಿಸಿ, ಬೇಸ್ ಕತ್ತರಿಸಿರ್ತಾರೆ. ಸೂಜಿ ಪ್ಲೇಟಿನ ಮೇಲೆ ಒತ್ತೋ ಭಾರ ಕಂಪನಿ ಹೇಳಿದಷ್ಟೇ ಇರಲಿ. ಆಡಿಯೋ-ಟೆಕ್ನಿಕಾ ವಿಎಂ95ಇ ಅನ್ನೋ ಕಾರ್ಟ್ರಿಜ್ (ಸೂಜಿ ಕೂರೋ ಭಾಗ) ಆದ್ರೆ 2 ಗ್ರಾಂ. ತೀರಾ ಹಗುರಾದರೆ ಸೂಜಿ ಗೆರೆಯೊಳಗೆ ಕುಣಿದು ಗೋಡೆ ಕೆರೆಯುತ್ತೆ.

ಕೋಲಾರದವರಿಗೆ ಮುಖ್ಯವಾಗಿ: ಬೋರ್‌ವೆಲ್ ನೀರಲ್ಲಿ ಪ್ಲೇಟು ತೊಳೀಬೇಡಿ. ಗಡಸು ನೀರು ಒಣಗಿದ ಮೇಲೆ ಉಪ್ಪು ಗೆರೆಯಲ್ಲೇ ಕೂತು ಚಟಪಟ ಜಾಸ್ತಿಯಾಗುತ್ತೆ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತನ್ನಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ, ಲೇಬಲ್ ನೆನೆಯದಿರಲಿ. ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಅರಗಿನ ಪ್ಲೇಟಿಗೆ ಮಾತ್ರ ಸ್ಪಿರಿಟ್ ಸೋಕಿಸಲೇಬೇಡಿ, ಅರಗು ಕರಗುತ್ತೆ.