ಆಳುವವರು ದೇವರನ್ನು ಬಿಡು ಎಂದರೆ ಜನ ಏನು ಮಾಡುತ್ತಾರೆ?

ಧರ್ಮಗಳ ಚರಿತ್ರೆಯ ಬಗ್ಗೆ ಬರೆಯುವುದರಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಡುವುದೇ ಇಲ್ಲ. ಉಪನ್ಯಾಸ ಮುಗಿದ ಮೇಲೆ ಕೇಳುತ್ತಾರೆ, ಮೇಲ್ ಹಾಕಿ ಕೇಳುತ್ತಾರೆ. "ಸರ್ಕಾರವೇ ನಿಂತು ಒಂದು ಜನರ ಪೂಜೆ ಪ್ರಾರ್ಥನೆಗೆ ಬೀಗ ಜಡಿದರೆ ಅವರು ಏನು ಮಾಡುತ್ತಾರೆ? ತಿರುಗಿ ಬೀಳುತ್ತಾರೋ, ತೆಪ್ಪಗೆ ಮತ ಬದಲಿಸುತ್ತಾರೋ?" ಕೇಳುವವರ ಮುಖ ನೋಡಿದರೇ ಗೊತ್ತಾಗುತ್ತದೆ, ತಾವಾಗಿದ್ದರೆ ಪ್ರಾಣ ಕೊಟ್ಟೇ ಬಿಡುತ್ತಿದ್ದೆವು ಎಂದು ಒಳಗೊಳಗೇ ಅಂದುಕೊಂಡಿರುತ್ತಾರೆ.

ನನ್ನ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಹೆಚ್ಚಿನವರು ತಿರುಗಿ ಬೀಳುವುದಿಲ್ಲ. ನಂಬಿದ್ದನ್ನು ಬಿಡುವುದೂ ಇಲ್ಲ. ಹೊರಗೆ ಹೂಂ ಎನ್ನುತ್ತಾರೆ, ಮನೆಯೊಳಗೆ ತಮ್ಮದನ್ನು ನಡೆಸಿಕೊಂಡು ಹೋಗುತ್ತಾರೆ. ಇದು ಬರೀ ಪುಕ್ಕಲುತನ ಎನ್ನುವವರಿಗೆ ನಾಗಸಾಕಿಯ ಕತೆ ಹೇಳುತ್ತೇನೆ.

ಜಪಾನಿನ ತೊಕುಗಾವ ಆಡಳಿತ 1614ರಲ್ಲಿ ಕ್ರೈಸ್ತ ಮತವನ್ನು ದೇಶದುದ್ದಕ್ಕೂ ನಿಷೇಧಿಸಿತು. ಪಾದ್ರಿಗಳನ್ನು ಹಡಗು ಹತ್ತಿಸಿತು. ಅಡಗಿ ಉಳಿದವರನ್ನು ಹುಡುಕಿ ಹುಡುಕಿ ಕೊಂದಿತು. ಇಷ್ಟು ಎಲ್ಲ ದಬ್ಬಾಳಿಕೆಗಳಲ್ಲೂ ಇರುವಂಥದ್ದೇ. ಅದರ ನಂತರ ಶುರುವಾದ ದಫ್ತರದ ಕೆಲಸವೇ ನನಗೆ ಹೆಚ್ಚು ಭಯಾನಕವಾಗಿ ಕಾಣುತ್ತದೆ. ಪ್ರತಿ ಮನೆಯವರೂ ಯಾವುದಾದರೊಂದು ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಬೇಕು. ಇವರು ಕ್ರೈಸ್ತರಲ್ಲ ಎಂದು ಆ ದೇವಾಲಯ ಬರೆದುಕೊಡಬೇಕು. ಸಾಲದ್ದಕ್ಕೆ ನಾಗಸಾಕಿಯಲ್ಲಿ ಹೊಸ ವರ್ಷದ ಮೊದಲ ದಿನಗಳಲ್ಲಿ ಅಧಿಕಾರಿಗಳು ಮನೆಮನೆಗೆ ಬರುತ್ತಿದ್ದರು. ಅವರ ಜೊತೆಗೆ ಕ್ರಿಸ್ತನದೋ ಮೇರಿಯದೋ ಉಬ್ಬುಚಿತ್ರವಿರುವ 'ಫುಮಿ-ಎ' ಎಂಬ ಫಲಕ ಇರುತ್ತಿತ್ತು. ಅದನ್ನು ನೆಲದ ಮೇಲಿಟ್ಟು ಮನೆಮಂದಿ ಒಬ್ಬೊಬ್ಬರಾಗಿ ಅದರ ಮೇಲೆ ಕಾಲಿಡಬೇಕು, ಲೆಕ್ಕದ ಪುಸ್ತಕದಲ್ಲಿ ಅದು ದಾಖಲಾಗಬೇಕು. ನಡೆಯಲು ಬಾರದ ಕೂಸಿನ ಪಾದವನ್ನೂ ಅದಕ್ಕೆ ಸೋಕಿಸಬೇಕಿತ್ತು. ಹಾಸಿಗೆ ಹಿಡಿದವರ ಅಂಗಾಲಿಗೆ ಫಲಕವನ್ನೇ ತಂದು ಒತ್ತುತ್ತಿದ್ದರು. ಇಂದಿಗೂ ಉಳಿದಿರುವ ಕೆಲವು ಫುಮಿ-ಎಗಳಲ್ಲಿ ಮುಖದ ಗುರುತು ಸಿಗದಷ್ಟು ಸವೆದಿದೆ.

ಹಾಗೆ ತುಳಿದವರಲ್ಲಿ ಸಾವಿರಾರು ಜನ ಗುಟ್ಟಾಗಿ ಕ್ರೈಸ್ತರಾಗಿಯೇ ಉಳಿದಿದ್ದರು. ತುಳಿದ ಪಾಪಕ್ಕೆ ಮನೆಯಲ್ಲಿ ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಪಾದ್ರಿ ಇಲ್ಲದಿದ್ದರೆ ಕ್ಷಮೆ ಬೇಡುವುದು ಹೇಗೆ ಎಂದು ತಿಳಿಸುವ ಪುಟ್ಟ ಕೈಪಿಡಿಯೊಂದು ನಿಷೇಧಕ್ಕೆ ಮೊದಲೇ, 1603ರಲ್ಲಿ, ಬಂದಿತ್ತು. ಅದನ್ನು ನಕಲು ಮಾಡಿ ಕೈಯಿಂದ ಕೈಗೆ ದಾಟಿಸಿದರು. ಊರೂರಲ್ಲಿ ಕೆಲಸ ಹಂಚಿಕೊಂಡರು. ಹಬ್ಬ, ಉಪವಾಸಗಳ ದಿನ ಎಣಿಸಿ ಹೇಳುವವನು ಒಬ್ಬ, ಕೂಸಿಗೆ ದೀಕ್ಷಾಸ್ನಾನ ಮಾಡಿಸುವವನು ಇನ್ನೊಬ್ಬ, ಸುದ್ದಿ ಮುಟ್ಟಿಸುವವನು ಮತ್ತೊಬ್ಬ. ಮೇರಿಯ ಮೂರ್ತಿ ಇಟ್ಟುಕೊಂಡರೆ ತಲೆ ಹೋಗುತ್ತಿತ್ತು. ಹಾಗಾಗಿ ಬೌದ್ಧರ ಕರುಣಾಮೂರ್ತಿ ಕನ್ನೋನ್‌ಳನ್ನೇ ಮೇರಿ ಎಂದು ಭಾವಿಸಿ ಕೈಮುಗಿದರು.

1865ರ ಮಾರ್ಚ್ 17ರಂದು, ವಿದೇಶಿಯರಿಗಾಗಿ ನಾಗಸಾಕಿಯಲ್ಲಿ ಕಟ್ಟಿದ ಹೊಸ ಚರ್ಚಿಗೆ ಉರಾಕಮಿ ಊರಿನ ಕೆಲವರು ಬಂದರು. ಅವರಲ್ಲಿದ್ದ ಹೆಂಗಸೊಬ್ಬಳು ಫ್ರೆಂಚ್ ಪಾದ್ರಿ ಬೆರ್ನಾರ್ ಪೆತಿಜಾನ್ ಅವರ ಹತ್ತಿರ ಹೋಗಿ, ನಮ್ಮೆಲ್ಲರ ಮನಸ್ಸೂ ನಿಮ್ಮ ಮನಸ್ಸೂ ಒಂದೇ ಎಂದು ತಗ್ಗಿದ ದನಿಯಲ್ಲಿ ಹೇಳಿ, ಮೇರಿಯ ಮೂರ್ತಿ ಎಲ್ಲಿದೆ ಎಂದು ಕೇಳಿದಳು. ನಿಷೇಧ ಬಂದು 250 ವರ್ಷ ಕಳೆದಿತ್ತು. ಹೀಗೆ ಬೆಳಕಿಗೆ ಬಂದದ್ದಕ್ಕೆ ಬೆಲೆ ತೆರಬೇಕಾಯಿತು. ನಿಷೇಧ ಇನ್ನೂ ಜಾರಿಯಲ್ಲಿತ್ತು. ಮುಂದಿನ ವರ್ಷಗಳಲ್ಲಿ ಉರಾಕಮಿಯ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಿದರು, ನೂರಾರು ಜನ ಹೋದಲ್ಲೇ ಸತ್ತರು. 1873ರಲ್ಲಿ ನಿಷೇಧದ ಫಲಕಗಳನ್ನು ತೆಗೆದರು.

ತುಳಿಯುವುದಿಲ್ಲ ಎಂದು ಸತ್ತವರ ಹೆಸರುಗಳು ಸಂತರ ಪಟ್ಟಿಯಲ್ಲಿವೆ, ಇರಬೇಕಾದದ್ದೇ. ಆದರೆ ಎಲ್ಲರೂ ಹಾಗೆಯೇ ಸತ್ತಿದ್ದರೆ 1865ರಲ್ಲಿ ಆ ಚರ್ಚಿನ ಬಾಗಿಲಿಗೆ ಬರಲು ಯಾರೂ ಇರುತ್ತಿರಲಿಲ್ಲ.

ಬಾಯಲ್ಲಿ ಅಲ್ಲ ಎಂದು ಎದೆಯಲ್ಲಿ ಹೌದು ಎನ್ನಬಹುದೇ? ಈ ವಿಷಯದಲ್ಲಿ ಧರ್ಮಗಳೇ ಒಂದು ಮಾತಿಗೆ ಬಂದಿಲ್ಲ. ಸ್ಪೇನಿನ ಮುಸ್ಲಿಮರನ್ನು ಬಲವಂತವಾಗಿ ಮತಾಂತರಿಸುತ್ತಿದ್ದ ಕಾಲದಲ್ಲಿ, 1504ರಲ್ಲಿ, ಉತ್ತರ ಆಫ್ರಿಕಾದ ಓರಾನ್‌ಗೆ ನಂಟಿದ್ದ ವಿದ್ವಾಂಸರೊಬ್ಬರು ಅವರಿಗೊಂದು ಫತ್ವಾ ಬರೆದು ಕಳಿಸಿದರು. ಹಗಲು ನಮಾಜು ಆಗದಿದ್ದರೆ ರಾತ್ರಿ ಮಾಡಿ, ಸನ್ನೆಯಲ್ಲೇ ಮಾಡಿದರೂ ಸರಿ. ಮೂರ್ತಿಯ ಮುಂದೆ ಬಾಗಿಸಿದರೆ ಬಾಗಿ, ಮನಸ್ಸು ದೇವರ ಕಡೆಗಿರಲಿ. ಇದು ಅದರ ಧಾಟಿ. ಇರಾನಿನಲ್ಲೇ ಹುಟ್ಟಿದ ಧರ್ಮವೊಂದನ್ನು ಪಾಲಿಸುವ ಅಲ್ಲಿನ ಬಹಾಯಿಗಳದ್ದು ಇದಕ್ಕೆ ತೀರಾ ವಿರುದ್ಧ. 1983ರಲ್ಲಿ ಅವರ ಆಡಳಿತ ಸಂಸ್ಥೆಗಳನ್ನು ಮುಚ್ಚಿ ಎಂದಾಗ ಮುಚ್ಚಿದರು. ನಾನು ಬಹಾಯಿ ಅಲ್ಲ ಎಂದು ಬರೆದುಕೊಡಿ ಎಂದಾಗ ಮಾತ್ರ ಒಪ್ಪಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಶಿರಾಜ್ ನಗರದಲ್ಲಿ ಹತ್ತು ಮಂದಿ ಬಹಾಯಿ ಹೆಂಗಸರನ್ನು ನೇಣಿಗೆ ಹಾಕಿದರು. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳಿಗೆ 17 ವರ್ಷ. ಬಹಾಯಿಗಳಿಗೆ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿದಾಗ 1987ರಿಂದ ಮನೆಗಳಲ್ಲೇ ಪದವಿ ಪಾಠ ಶುರುಮಾಡಿದರು. ನಾಜಿ ಶಿಬಿರಗಳಲ್ಲಿದ್ದ 'ಯೆಹೋವನ ಸಾಕ್ಷಿಗಳು' ಎಂಬ ಕ್ರೈಸ್ತ ಪಂಥದವರ ಮುಂದೆಯೂ ಒಂದು ಕಾಗದ ಬರುತ್ತಿತ್ತು. ನಂಬಿಕೆ ಬಿಟ್ಟಿದ್ದೇನೆ ಎಂದು ಸಹಿ ಹಾಕಿದರೆ ಮನೆಗೆ ಹೋಗಬಹುದಿತ್ತು. ಹಾಕಿದವರು ತೀರಾ ಕಡಿಮೆ.

ಯಾರು ಮಾಡಿದ್ದು ಸರಿ ಎಂದು ಇಂದು ಆರಾಮಾಗಿ ಕೂತು ತೀರ್ಪು ಕೊಡುವವರ ಬಗ್ಗೆ ನನಗೆ ಅಷ್ಟೇನೂ ಮರ್ಯಾದೆಯಿಲ್ಲ.

ಧರ್ಮ ಮನೆಯೊಳಗೆ ಹೋಗಿ ಕೂತಿದೆ ಎಂಬುದು ಆಳುವವರಿಗೂ ತಿಳಿಯದ್ದೇನಲ್ಲ. ಹಾಗಾಗಿಯೇ ಅವರ ಕಾನೂನು ಹೊಸಿಲು ದಾಟುತ್ತದೆ. ಸ್ಪೇನಿನ ಎರಡನೇ ಫಿಲಿಪ್ 1567ರಲ್ಲಿ ಗ್ರನಾಡಾದ ಮತಾಂತರಿತ ಮುಸ್ಲಿಮರಿಗೆ ಅರಬ್ಬಿ ಮಾತು, ಉಡುಪು, ಸ್ನಾನಗೃಹ ಎಲ್ಲವನ್ನೂ ನಿಷೇಧಿಸಿದ. ಶುಕ್ರವಾರ ಮನೆಯ ಬಾಗಿಲು ತೆರೆದೇ ಇರಬೇಕೆಂದ. ಮತಾಂತರಗೊಂಡ ಯೆಹೂದಿಗಳ ಮನೆಯಲ್ಲಿ ಶುಕ್ರವಾರ ಸಂಜೆ ದೀಪ ಹಚ್ಚುತ್ತಾರೆಯೇ, ಶನಿವಾರ ಮಡಿಬಟ್ಟೆ ಉಡುತ್ತಾರೆಯೇ, ಹಂದಿಮಾಂಸ ಬೇಡವೆನ್ನುತ್ತಾರೆಯೇ ಎಂದು ಇನ್‌ಕ್ವಿಸಿಶನ್ನಿನವರು (ಮತ ತಪ್ಪಿದವರನ್ನು ವಿಚಾರಿಸುವ ಚರ್ಚಿನ ನ್ಯಾಯಮಂಡಳಿಯವರು) ನೆರೆಹೊರೆಯವರಿಂದ ಚಾಡಿ ಹೇಳಿಸಿಕೊಳ್ಳುತ್ತಿದ್ದರು. ಗೋವೆಯ ಇನ್‌ಕ್ವಿಸಿಶನ್ 1736ರಲ್ಲಿ ಹೊರಡಿಸಿದ ಆಜ್ಞೆಯೂ ಇದೇ ಜಾಡಿನದು. ಹೊಸ ಕ್ರೈಸ್ತರ ಅಂಗಳದ ತುಳಸಿ, ಮದುವೆಯ ಹಾಡು, ಉಡುವ ಪಂಚೆಯ ತನಕ ಅದು ಕೈಚಾಚಿತು.

ಅಷ್ಟಾದರೂ ಮನೆಯನ್ನು ಪೂರ್ತಿ ಗೆಲ್ಲುವುದು ಕಷ್ಟ. ಸ್ಪೇನಿನ ಅಲ್ಮೊನಾಸಿದ್ ದೆ ಲಾ ಸಿಯೆರಾ ಎಂಬ ಊರಿನಲ್ಲಿ 1884ರಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ ಹುಸಿನೆಲದ ಅಡಿಯಲ್ಲಿ ಬಚ್ಚಿಟ್ಟಿದ್ದ ಹಸ್ತಪ್ರತಿಗಳು ಸಿಕ್ಕವು. ಎಷ್ಟೋ ಪ್ರತಿಗಳಲ್ಲಿ ಭಾಷೆ ಸ್ಪ್ಯಾನಿಷ್, ಲಿಪಿ ಅರಬ್ಬಿ. ಬಚ್ಚಿಟ್ಟವರ ಸಂತತಿಯನ್ನು 1609ರಿಂದ 1614ರ ನಡುವೆ ದೇಶದಿಂದಲೇ ಹೊರಹಾಕಿಯಾಗಿತ್ತು. ಪೋರ್ಚುಗಲ್ಲಿನ ಬೆಲ್ಮೊಂತೆಯಲ್ಲಿ ಗುಪ್ತ ಯೆಹೂದಿಗಳ ಪ್ರಾರ್ಥನೆಗಳು ಇಪ್ಪತ್ತನೇ ಶತಮಾನದವರೆಗೂ ಬದುಕಿದ್ದವು. ಉಳಿಸಿದವರು ಹೆಂಗಸರು, ಬಾಯಿಪಾಠದಲ್ಲಿ. ದೇಗುಲ, ಪೌರೋಹಿತ್ಯ, ಗ್ರಂಥ ಎಲ್ಲವೂ ಹೋದ ಮೇಲೆ ಧರ್ಮದ ಹೊಣೆ ಅಜ್ಜಿಯರ ಮೇಲೆ ಬೀಳುವುದು ಮತ್ತೆ ಮತ್ತೆ ಕಾಣುತ್ತದೆ. ಅಧಿಕಾರಿಗಳ ಕಣ್ಣಿಗೆ ಅವರು ಲೆಕ್ಕಕ್ಕೇ ಇರಲಿಲ್ಲ ಎಂಬುದೂ ಅದಕ್ಕೊಂದು ಕಾರಣ ಇದ್ದೀತು.

ಹೊರಟು ಹೋಗುವುದು ಇನ್ನೊಂದು ದಾರಿ. ಗೋವೆಯಲ್ಲಿ ಜನರಿಗಿಂತ ಮೊದಲು ದೇವರುಗಳೇ ಹೊರಟದ್ದೂ ಉಂಟು. 1560ರ ಸುಮಾರಿಗೆ ಮಂಗೇಶ ಕುಶಸ್ಥಳಿಯಿಂದ ಹೊಳೆ ದಾಟಿ ಪ್ರಿಯೋಳಕ್ಕೆ ಬಂದ. ಶಾಂತಾದುರ್ಗೆ ಕೇಳೋಶಿಯಿಂದ ಕವಳೆಗೆ ಬಂದಳು. ಆಗ ಅಲ್ಲಿ ಪೋರ್ಚುಗೀಸರ ಆಳ್ವಿಕೆ ಇರಲಿಲ್ಲ. ಕೊಂಕಣಿ ಮನೆತನಗಳು ಕನ್ನಡ ಕರಾವಳಿಗೆ ಇಳಿದವು. ಮತಾಂತರಗೊಂಡ ಕ್ರೈಸ್ತರೂ ಅದೇ ದಾರಿ ಹಿಡಿದು ಬಂದರು ಎಂಬುದನ್ನು ನಾವು ಮರೆಯುತ್ತೇವೆ. ಕಲ್ಯಾಣದಲ್ಲಿ ರಕ್ತ ಹರಿದ ಮೇಲೆ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂದು ಪರಂಪರೆ ಹೇಳುತ್ತದೆ. ನಮ್ಮ ಕಾಲಕ್ಕೆ ಬಂದರೆ, 1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟರು. ಲಾಸಾದ ಸೆರಾ ಮಠ ಬೈಲುಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡಿನಲ್ಲಿ ಮತ್ತೆ ಎದ್ದು ನಿಂತವು. ಆದರೆ ಹೊರಡುವುದಕ್ಕೂ ಗಡಿ ಹತ್ತಿರವಿರಬೇಕು, ಕೈಯಲ್ಲಿ ಕಸುಬೋ ಕಾಸೋ ಇರಬೇಕು, ಆಚೆ ಕಡೆ ಬಾ ಎನ್ನುವವರಿರಬೇಕು. ಫ್ರಾನ್ಸಿನ ಹದಿನಾಲ್ಕನೇ ಲೂಯಿ 1685ರಲ್ಲಿ ಪ್ರೊಟೆಸ್ಟೆಂಟರ ಆರಾಧನೆಯನ್ನು ನಿಷೇಧಿಸಿದ್ದಲ್ಲದೆ ದೇಶ ಬಿಡುವುದನ್ನೂ ನಿಷೇಧಿಸಿದ. ಸಿಕ್ಕಿಬಿದ್ದ ಗಂಡಸರು ಹಡಗಿನ ಹುಟ್ಟು ಹಾಕುವ ಶಿಕ್ಷೆಗೆ ಹೋದರು.

ಕತ್ತಿ ಹಿಡಿದವರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಗ್ರನಾಡಾದ ಬೆಟ್ಟಗಳಲ್ಲಿ 1568ರಲ್ಲಿ, ಜಪಾನಿನ ಶಿಮಾಬಾರಾದಲ್ಲಿ 1637ರಲ್ಲಿ ದಂಗೆಗಳಾದವು. ಎರಡನ್ನೂ ಹೊಸಕಿ ಹಾಕಿದರು. ಆಮೇಲೆ ಕಾನೂನು ಇನ್ನಷ್ಟು ಬಿಗಿಯಾಯಿತು.

ನನ್ನನ್ನು ಬಹಳ ಕಾಡುವ ಪ್ರತಿಕ್ರಿಯೆ ಬೇರೆಯೇ. ಸೋವಿಯತ್ ಒಕ್ಕೂಟದಲ್ಲಿ 1937ರ ಜನವರಿಯಲ್ಲಿ ಜನಗಣತಿ ನಡೆಯಿತು. ಚರ್ಚುಗಳನ್ನು ಕೆಡವಿದ್ದರು, ಪಾದ್ರಿಗಳನ್ನು ಗುಂಡಿಕ್ಕಿ ಕೊಲ್ಲುತ್ತಿದ್ದರು. ಆ ವರ್ಷ ಬಾಗಿಲು ಬಡಿದ ಸದ್ದಾದರೆ ಎದೆ ಝಲ್ಲೆನ್ನುತ್ತಿತ್ತು. ಅಂಥ ಹೊತ್ತಿನಲ್ಲಿ ಗಣತಿಯವನು ಮನೆಗೆ ಬಂದು, ಹೆಸರು ಬರೆದುಕೊಂಡು, ನೀವು ಆಸ್ತಿಕರೋ ಎಂದು ಕೇಳುತ್ತಾನೆ. ಇಲ್ಲ ಎಂದುಬಿಡುವುದು ಎಷ್ಟು ಸುಲಭ! ಆದರೂ ಹದಿನಾರು ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೌದು ಎಂದರು. ಸರ್ಕಾರ ಇಡೀ ಗಣತಿಯನ್ನೇ ಮುಚ್ಚಿಹಾಕಿತು. ಗಣತಿ ಮಾಡಿದ ಅಧಿಕಾರಿಗಳನ್ನು ಬಂಧಿಸಿತು, ಕೆಲವರನ್ನು ಕೊಂದಿತು. ಜನಸಂಖ್ಯೆ ಅಂದುಕೊಂಡದ್ದಕ್ಕಿಂತ ಕಡಿಮೆ ಬಂದದ್ದೂ ಅದಕ್ಕೆ ದೊಡ್ಡ ಕಾರಣ. ಹೌದು ಎಂದವರಲ್ಲಿ ವೀರರು ಎಷ್ಟು ಮಂದಿಯೋ! ಆಸ್ತಿಕರ ಲೆಕ್ಕ ಹೆಚ್ಚಾದರೆ ಚರ್ಚು ಮತ್ತೆ ತೆರೆಯುತ್ತಾರೆ ಎಂಬ ಗಾಳಿಮಾತೂ ಇತ್ತು. ಇರಲಿ. ದಂಗೆಯಲ್ಲ, ಮೆರವಣಿಗೆಯಲ್ಲ, ಗುಮಾಸ್ತನ ಪ್ರಶ್ನೆಗೆ ಕೊಟ್ಟ ನಿಜವಾದ ಉತ್ತರ, ಅಷ್ಟೇ.

ಮುಚ್ಚಿಟ್ಟ ನಂಬಿಕೆ ಮುಚ್ಚಿಟ್ಟಂತೆಯೇ ಉಳಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಜಪಾನಿನಲ್ಲಿ ನಿಷೇಧ ಹೋದ ಮೇಲೆ ಬಹಳಷ್ಟು ಜನ ಚರ್ಚಿಗೆ ಮರಳಿದರು, ಎಲ್ಲರೂ ಅಲ್ಲ. ಇಕಿತ್ಸುಕಿ ದ್ವೀಪದವರಿಗೆ ಪೂರ್ವಜರು ಬಾಯಿಂದ ಬಾಯಿಗೆ ದಾಟಿಸಿದ, ಲ್ಯಾಟಿನ್ ಪದಗಳು ಗುರುತು ಸಿಗದಷ್ಟು ಮಾರ್ಪಟ್ಟ ಪ್ರಾರ್ಥನೆಗಳೇ ತಮ್ಮ ಧರ್ಮವಾಗಿದ್ದವು. ಶತಮಾನಗಳ ಕಿರುಕುಳ ತಾಳಿಕೊಂಡ ಆ ಪರಂಪರೆ ಯಾರೂ ತಡೆಯದ ಇಂದಿನ ದಿನಗಳಲ್ಲಿ, ಹುಡುಗರು ಪಟ್ಟಣ ಸೇರುತ್ತಿದ್ದಂತೆ, ಕರಗುತ್ತಾ ಬಂದಿದೆ. ಅಲ್ಬೇನಿಯಾದಲ್ಲಿ ಎಲ್ಲ ಧರ್ಮಗಳ ಮೇಲಿನ ನಿಷೇಧ 1967ರಿಂದ 1990ರವರೆಗೆ ಮಾತ್ರ ಇತ್ತು. ಆದರೆ ಒಂದು ತಲೆಮಾರು ಮಸೀದಿ, ಚರ್ಚು ಏನೆಂದೇ ತಿಳಿಯದೆ ಬೆಳೆಯಲು ಇಪ್ಪತ್ತಮೂರು ವರ್ಷ ಸಾಕಾಯಿತು.

"ನೀವಾಗಿದ್ದರೆ?" ಎಂದು ಕೊನೆಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಬಹುಶಃ ತುಳಿಯುತ್ತಿದ್ದೆ ಎನ್ನುತ್ತೇನೆ. ಸಭೆಯಲ್ಲಿ ಸ್ವಲ್ಪ ಇರುಸುಮುರುಸಾಗುತ್ತದೆ. ಆಗ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತೇನೆ: ಫಲಕ ನಿಮ್ಮ ಮನೆಗಲ್ಲ, ಪಕ್ಕದ ಮನೆಗೆ ಮಾತ್ರ ಬಂದರೆ ಏನು ಮಾಡುತ್ತೀರಿ? ನಮ್ಮಲ್ಲಿ ಹೆಚ್ಚಿನವರಿಗೆ ಬದುಕಿನಲ್ಲಿ ಎದುರಾಗುವುದು ಆ ಪರೀಕ್ಷೆಯೇ.

ಅದಕ್ಕೆ ಉತ್ತರ ಕೊಟ್ಟ ಊರೊಂದು ಫ್ರಾನ್ಸಿನಲ್ಲಿದೆ, ಲೆ ಶಾಂಬೋನ್. 1685ರ ನಂತರ ಕಾಡುಮೇಡುಗಳಲ್ಲಿ ಕದ್ದು ಪ್ರಾರ್ಥನೆ ಮಾಡಿದ ಪ್ರೊಟೆಸ್ಟೆಂಟರ ವಂಶದವರು ಅಲ್ಲಿ ಹೆಚ್ಚು. ಆ ಪೀಳಿಗೆಯ ಮರಿ ದ್ಯುರಾಂ ಎಂಬಾಕೆ ಮತ ಬಿಟ್ಟೆ ಎನ್ನಲು ಒಪ್ಪದೆ 1730ರಿಂದ 1768ರವರೆಗೆ, 38 ವರ್ಷ, ಗೋಪುರವೊಂದರಲ್ಲಿ ಸೆರೆಯಿದ್ದಳು. ಇಂಥ ನೆನಪುಗಳ ನಡುವೆ ಬೆಳೆದ ಜನ ಎರಡನೇ ಮಹಾಯುದ್ಧದಲ್ಲಿ ಸಾವಿರಾರು ಯೆಹೂದಿಗಳನ್ನು ಮನೆ, ಶಾಲೆ, ಕೊಟ್ಟಿಗೆಗಳಲ್ಲಿ ಅಡಗಿಸಿಟ್ಟರು. ಸುಳ್ಳು ಹೆಸರಿನ ಗುರುತಿನ ಚೀಟಿಗಳನ್ನೂ ಮಾಡಿಕೊಟ್ಟರು. ತಮ್ಮ ನಂಬಿಕೆಯ ವಿಷಯದಲ್ಲಿ ಒಂದು ಸುಳ್ಳಿಗೂ ಒಪ್ಪದವರ ವಂಶದವರು ಇನ್ನೊಬ್ಬರ ಜೀವಕ್ಕಾಗಿ ಕಟ್ಟುಗಟ್ಟಲೆ ಸುಳ್ಳು ಕಾಗದ ತಯಾರಿಸಿದರು. ಅಲ್ಲಿನ ಪಾಸ್ಟರ್ ಆಂದ್ರೆ ತ್ರೊಕ್ಮೆಯನ್ನು 1943ರ ಫೆಬ್ರವರಿಯಲ್ಲಿ ಬಂಧಿಸಿದರು. ಸರ್ಕಾರದ ಆಜ್ಞೆ ಪಾಲಿಸುತ್ತೇನೆಂದು ಸಹಿ ಹಾಕಿದರೆ ಬಿಡುತ್ತೇವೆ ಎಂದರು, ಅವರು ಹಾಕಲಿಲ್ಲ. ಆದರೂ ಸ್ವಲ್ಪದರಲ್ಲೇ ಬಿಡುಗಡೆಯಾಯಿತು. ಎಲ್ಲರ ಹಣೆಬರಹ ಹಾಗಿರಲಿಲ್ಲ. ಅವರ ಬಂಧು ದಾನಿಯೆಲ್ ತ್ರೊಕ್ಮೆಯನ್ನು ಅದೇ ಜೂನ್‌ನಲ್ಲಿ ಅವರ ವಿದ್ಯಾರ್ಥಿಗಳ ಜೊತೆಗೇ ಹಿಡಿದೊಯ್ದರು. 1944ರಲ್ಲಿ ನಾಜಿಗಳ ಮೈದಾನೆಕ್ ಶಿಬಿರದಲ್ಲಿ ಅವರು ತೀರಿಕೊಂಡರು.