ಬಲಗಣ್ಣು ಕಲಬುರಗಿಯಲ್ಲಿ

ರಾತ್ರಿ ಪಾಳಿ ಮುಗಿಸಿ ದುಬೈನಿಂದ ಶಾರ್ಜಾದ ಕೋಣೆಗೆ ಮರಳುವಾಗ, ರಸ್ತೆಯ ಆಚೆ ಬದಿಯಲ್ಲಿ ಬರುವ ವಾಹನಗಳ ದೀಪಗಳು ನನಗೆ ದೀಪಗಳಂತೆ ಕಾಣುವುದನ್ನು ಬಿಟ್ಟು ಬಹಳ ದಿನಗಳಾಗಿದ್ದವು. ಒಂದೊಂದು ದೀಪವೂ ಒಡೆದ ಹತ್ತಿಯ ಕಾಯಿಯಂತೆ ಅರಳಿ, ಪಕ್ಕದ ದೀಪದೊಂದಿಗೆ ಬೆರೆತು, ರಸ್ತೆಯ ಬಿಳಿ ಗೆರೆಯನ್ನೇ ನುಂಗಿಬಿಡುತ್ತಿತ್ತು. ಗಾಜಿಗೆ ಮರಳಿನ ಧೂಳು ಹಿಡಿದಿದೆಯೆಂದು ಭಾವಿಸಿ ಎಷ್ಟೋ ಸಲ ನೀರು ಚಿಮ್ಮಿಸಿ ವೈಪರ್ ಹಾಕಿದ್ದೇನೆ. ಮಬ್ಬು ಇದ್ದದ್ದು ಗಾಜಿನಲ್ಲಲ್ಲ, ನನ್ನ ಕಣ್ಣಿನಲ್ಲಿ ಎಂಬುದು ತಿಳಿದದ್ದು 2024ರ ಸೆಪ್ಟೆಂಬರ್‌ನಲ್ಲಿ, ಚಾಲನಾ ಪರವಾನಗಿ ನವೀಕರಣಕ್ಕೆ ಕಣ್ಣಿನ ಪರೀಕ್ಷೆ ಮಾಡಿಸಲು ಹೋದಾಗ. ಕನ್ನಡಕದಂಗಡಿಯ ಹುಡುಗ ಎಡಗಣ್ಣು ಮುಚ್ಚಿಸಿದ ಕೂಡಲೇ ಎದುರಿನ ಫಲಕದ ಮೂರನೆಯ ಸಾಲಿನಿಂದಾಚೆ ನನಗೆ ಏನೂ ಓದಲಾಗಲಿಲ್ಲ. ಗಾಜು ಬದಲಿಸಿದರೂ ಪ್ರಯೋಜನವಾಗದಿದ್ದಾಗ ಅವನು, ಇದು ಕನ್ನಡಕದ ಕೆಲಸವಲ್ಲ, ಡಾಕ್ಟರರ ಕೆಲಸ ಎಂದು ಚೀಟಿ ಬರೆದುಕೊಟ್ಟ.

ಡಾಕ್ಟರು ಹೇಳಿದ್ದು ಕಣ್ಣಿನ ಪೊರೆ, ನಮ್ಮ ಕಡೆಯ ಮಾತಿನಲ್ಲಿ ಮೋತಿಬಿಂದು. ಅದು ಮುತ್ಯಾನ ವಯಸ್ಸಿಗೆ ಬರುವ ಕಾಯಿಲೆಯೆಂದೇ ನಂಬಿದ್ದ ನನಗೆ 51ನೆಯ ವಯಸ್ಸಿನಲ್ಲಿ ಅದು ಬಂದದ್ದಕ್ಕೆ ಹತ್ತು ವರ್ಷದ ಸಕ್ಕರೆ ಕಾಯಿಲೆ ಬಹುಮಟ್ಟಿಗೆ ಕಾರಣ. ನನ್ನದು ಕಣ್ಣಿನೊಳಗಿನ ಲೆನ್ಸಿನ ಹಿಂಭಾಗಕ್ಕೆ ಅಂಟಿಕೊಂಡು ಬೆಳೆಯುವ ಬಗೆಯ ಪೊರೆ. ಬೆಳಕು ಹೆಚ್ಚಾದಾಗ ಪಾಪೆ ಕಿರಿದಾಗಿ, ಒಳಗೆ ಬರುವ ಬೆಳಕೆಲ್ಲ ನಡುವಿನ ಆ ಮಬ್ಬಿನ ಮೂಲಕವೇ ಹಾಯಬೇಕಾಗುವುದರಿಂದ, ಇಂಥವರನ್ನು ಕತ್ತಲಿಗಿಂತ ಬೆಳಕೇ ಹೆಚ್ಚು ಕಾಡುತ್ತದೆ. ಶಸ್ತ್ರಚಿಕಿತ್ಸೆಗೆ ಅವಸರವೇನಿಲ್ಲ, ಎರಡು ಮೂರು ತಿಂಗಳು ಕಾಯಬಹುದು, ಆದರೆ ಅಲ್ಲಿಯವರೆಗೆ ರಾತ್ರಿ ವಾಹನ ನಡೆಸಬೇಡಿ ಎಂದರು. ಆ ಎರಡು ಮೂರು ತಿಂಗಳ ಸಾವಕಾಶವೇ ನನ್ನ ತಲೆನೋವಾಯಿತು. ಅವಸರವಿದ್ದಿದ್ದರೆ ಅಲ್ಲಿಯೇ ಮಾಡಿಸಿ ಮುಗಿಸುತ್ತಿದ್ದೆ.

ಹೊರದೇಶದಲ್ಲಿ ದುಡಿಯುವವರು ಊರಿಗೆ ಬಂದು ಚಿಕಿತ್ಸೆ ಮಾಡಿಸಿಕೊಳ್ಳುವುದು ದುಡ್ಡು ಉಳಿಸಲಿಕ್ಕೆ ಎಂಬುದು ಎಲ್ಲರ ತಿಳಿವಳಿಕೆ. ನಾನೂ ಮೊದಲು ಲೆಕ್ಕದ ಪುಸ್ತಕವನ್ನೇ ತೆರೆದೆ. ದುಬೈನಲ್ಲಿ ಒಂದು ಕಣ್ಣಿನ ಪೊರೆ ತೆಗೆದು ಬದಲಿಗೆ ಸಾಧಾರಣ ಲೆನ್ಸ್ ಕೂಡಿಸಲು ಹೇಳಿದ್ದು 9,500 ದಿರ್ಹಾಮ್, ಅಂದಿನ ದರದಲ್ಲಿ ಎರಡು ಲಕ್ಷ ರೂಪಾಯಿಗೂ ಮೇಲೆ. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನನ್ನ ತಮ್ಮ ವಿಚಾರಿಸಿ ತಿಳಿಸಿದ್ದು, ಮಡಚಿ ಕೂಡಿಸುವ ಲೆನ್ಸ್ ಸೇರಿ 32,000 ರೂಪಾಯಿ. ಇಷ್ಟಕ್ಕೇ ನಿಂತಿದ್ದರೆ ನಿರ್ಧಾರ ಸುಲಭವಿತ್ತು. ಆದರೆ ಕಂಪನಿಯ ವಿಮೆಯವರು ಮೂರು ವಾರ ಕಾಯಿಸಿ ಒಪ್ಪಿಗೆ ಕೊಟ್ಟರು, ನಾನು ಭರಿಸಬೇಕಾದದ್ದು ಶೇಕಡಾ 20 ಮಾತ್ರ. ಅಂದರೆ 1,900 ದಿರ್ಹಾಮ್, ಸುಮಾರು 43,000 ರೂಪಾಯಿ. ಊರಿನ ಖರ್ಚಿಗೆ ವಿಮಾನದ ಟಿಕೆಟ್ಟು ಸೇರಿಸಿದರೆ ತಕ್ಕಡಿ ದುಬೈ ಕಡೆಗೇ ವಾಲುತ್ತಿತ್ತು. ಊರಿನಲ್ಲಿ ಕುಟುಂಬಕ್ಕೆಂದು ಹಿಂದಿನ ವರ್ಷ ಮಾಡಿಸಿದ್ದ ಆರೋಗ್ಯ ವಿಮೆಯಲ್ಲಿ ನನ್ನ ಹೆಸರೂ ಇತ್ತಾದರೂ, ಅದರ ಸಣ್ಣ ಅಕ್ಷರಗಳಲ್ಲಿ ಕಣ್ಣಿನ ಪೊರೆಗೆ ಎರಡು ವರ್ಷ ಕಾಯಬೇಕೆಂಬ ಷರತ್ತು ಇತ್ತು. ಆ ಅಕ್ಷರಗಳನ್ನು ಓದಿದ್ದು ಎಡಗಣ್ಣಿನಿಂದ.

ಹೀಗೆ ದುಡ್ಡಿನ ಮಾತು ಪಕ್ಕಕ್ಕೆ ಸರಿದ ಮೇಲೆ ನಿಜವಾದ ಪ್ರಶ್ನೆ ಎದುರಾಯಿತು. ಕೋಣೆಯಲ್ಲಿ ನನ್ನೊಂದಿಗಿದ್ದ ಇಬ್ಬರೂ ಊರಿಗೇ ಹೋಗಿ ಎಂದರು. ಅತ್ತ ಕಲಬುರಗಿಯಿಂದ ಅವ್ವ ಫೋನಿನಲ್ಲಿ, "ಅಲ್ಲೆ ಅಷ್ಟು ದೊಡ್ಡ ದೊಡ್ಡ ದವಾಖಾನಿ ಅವ ಅಂತಿ, ಮತ್ತ ಅದನ್ನೆಲ್ಲಾ ಬಿಟ್ಟು ಇಲ್ಲಿಗ್ಯಾಕ ಬರ್ತಿ?" ಎಂದಳು. ಅಲ್ಲಿರುವವರಿಗೆ ಇಲ್ಲಿಯದು, ಇಲ್ಲಿರುವವರಿಗೆ ಅಲ್ಲಿಯದು ಚೆನ್ನಾಗಿ ಕಾಣುವುದಕ್ಕೆ ಮೋತಿಬಿಂದು ಬೇಕಾಗಿಲ್ಲ.

ಕಣ್ಣಿನ ಎಲ್ಲ ಕಾಯಿಲೆಗಳೂ ಹೀಗೆ ಆಯ್ಕೆ ಮಾಡಿಕೊಳ್ಳಲು ಬಿಡುವುದಿಲ್ಲ ಎಂಬುದನ್ನು ನಾನು ಹಿಂದಿನ ವರ್ಷವೇ ಹತ್ತಿರದಿಂದ ನೋಡಿದ್ದೆ. ಹುಮನಾಬಾದ್ ಕಡೆಯ ಗೆಳೆಯನೊಬ್ಬನಿಗೆ ಒಂದು ಬೆಳಿಗ್ಗೆ ಕಣ್ಣೆದುರು ಕಪ್ಪು ಚುಕ್ಕೆಗಳು ಮಳೆಹುಳುಗಳಂತೆ ಹಾರಾಡತೊಡಗಿದವು. ಮರುದಿನ ಒಂದು ಮೂಲೆಯಿಂದ ಪರದೆ ಇಳಿದಂತಾಯಿತು. ಅವನು ಮಾಡಿದ ಮೊದಲ ಕೆಲಸ ಹೈದರಾಬಾದಿಗೆ ಟಿಕೆಟ್ ತೆಗೆಸಿದ್ದು. ವಿಮಾನ ಮರುದಿನ ರಾತ್ರಿಗೆ ಇದ್ದುದರಿಂದ, ಕೇಳಿಕೊಂಡು ಬರೋಣವೆಂದು ನಾನೇ ಅವನನ್ನು ಕಣ್ಣಿನ ಡಾಕ್ಟರರ ಬಳಿ ಕರೆದೊಯ್ದೆ. ರೆಟಿನಾ ಎಂಬ ಹಿಂದಿನ ಪರದೆ ಗೋಡೆಯಿಂದ ಬಿಟ್ಟುಕೊಂಡಿದೆ, ನೋಟದ ನಡುಭಾಗ ಇನ್ನೂ ಉಳಿದಿದೆ, ಅದೂ ಬಿಟ್ಟರೆ ನಂತರ ಏನು ಮಾಡಿದರೂ ಮೊದಲಿನ ದೃಷ್ಟಿ ಬಾರದು ಎಂದು ಅವರು ಟಿಕೆಟ್ಟು ರದ್ದು ಮಾಡಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ಪರದೆಯನ್ನು ಒತ್ತಿ ಹಿಡಿಯಲು ಕಣ್ಣಿನೊಳಗೆ ಅನಿಲ ತುಂಬಿದ್ದರು. ಆ ಅನಿಲದ ಗುಳ್ಳೆ ಪೂರ್ತಿ ಕರಗುವವರೆಗೆ ವಿಮಾನ ಹತ್ತುವಂತಿಲ್ಲ, ಏಕೆಂದರೆ ಮೇಲೇರಿದಾಗ ಒತ್ತಡ ಇಳಿದು ಗುಳ್ಳೆ ಹಿಗ್ಗುತ್ತದೆ, ಕಣ್ಣಿನೊಳಗಿನ ಒತ್ತಡ ಏರಿ ರಕ್ತದ ಹರಿವೇ ನಿಂತು ದೃಷ್ಟಿ ಹೋಗಬಹುದು. ಅವನಿಗೆ ಹಾಕಿದ ಬಗೆಯ ಅನಿಲ ಆರರಿಂದ ಎಂಟು ವಾರ ಉಳಿಯುತ್ತದೆಯಂತೆ. ತಂಗಿಯ ಲಗ್ನದ ದಿನ ಅವನು ಶಾರ್ಜಾದಲ್ಲಿ ತಲೆ ತಗ್ಗಿಸಿಕೊಂಡು ಕುಳಿತು ಫೋನಿನಲ್ಲಿ ಅಕ್ಷತೆಯ ಸದ್ದು ಕೇಳಿದ.

ನನಗೆ ಕಾಯುವ ಅವಕಾಶವಿತ್ತು. ಹಾಗಾಗಿ ನಾನು ಶಸ್ತ್ರಚಿಕಿತ್ಸೆಯ ದಿನವನ್ನು ಬಿಟ್ಟು ಅದರ ಮರುದಿನದಿಂದ ಯೋಚಿಸಲು ಆರಂಭಿಸಿದೆ. ಮೊದಲ ವಾರ ಎರಡು ಬಗೆಯ ಹನಿಗಳನ್ನು ದಿನಕ್ಕೆ ಆರು ಸಲ ಹಾಕಬೇಕು, ನಂತರ ಒಂದನ್ನು ವಾರವಾರಕ್ಕೂ ಕಡಿಮೆ ಮಾಡುತ್ತ ತಿಂಗಳಿಗೆ ನಿಲ್ಲಿಸಬೇಕು. ಕಣ್ಣಿಗೆ ನೀರು ಬೀಳಬಾರದು, ಭಾರ ಎತ್ತಬಾರದು, ಬಗ್ಗಬಾರದು, ನೋವು ಅಥವಾ ಕೆಂಪು ಕಂಡರೆ ಆ ಕ್ಷಣವೇ ಡಾಕ್ಟರರ ಎದುರಿಗಿರಬೇಕು. ಮೂವರು ಮೂರು ಪಾಳಿಯಲ್ಲಿ ದುಡಿಯುವ, ಒಂದೇ ಸ್ನಾನದ ಕೋಣೆಯಿರುವ ಮನೆಯಲ್ಲಿ ಹಗಲು ಹನ್ನೊಂದು ಗಂಟೆಗೆ ನನ್ನ ಕಣ್ಣಿನ ರೆಪ್ಪೆ ಕೆಳಗೆ ಎಳೆದು ಹನಿ ಬಿಡುವವರು ಯಾರು? ಹೆಂಡತಿ, ಮಗಳು ಕಲಬುರಗಿಯಲ್ಲಿದ್ದರು. ಡಿಸೆಂಬರ್‌ನಲ್ಲಿ 30 ದಿನದ ರಜೆ ಬಾಕಿಯಿತ್ತು. ಏಪ್ರಿಲ್, ಮೇ ಆಗಿದ್ದರೆ ನಮ್ಮೂರಿನ 42 ಡಿಗ್ರಿಯ ಬಿಸಿಲು ಮತ್ತು ಧೂಳಿಗೆ ಹೆದರಿ ಬೇಡವೆನ್ನುತ್ತಿದ್ದೆನೋ ಏನೋ.

ಹೈದರಾಬಾದಿನಲ್ಲಿಳಿದು, ಸುಮಾರು 220 ಕಿಲೋಮೀಟರ್ ದಾರಿ ಕ್ರಮಿಸಿ ಮನೆ ಸೇರಿದ ಎರಡನೆಯ ದಿನ ಆಸ್ಪತ್ರೆಗೆ ಹೋದೆ. ಅವ್ವ ತಾನೂ ಬರುತ್ತೇನೆಂದು ಹೊರಟಳು. ದಾರಿಯುದ್ದಕ್ಕೂ ಮುತ್ಯಾನ ಮಾತು. ನಮ್ಮ ಮುತ್ಯಾನ ಶಸ್ತ್ರಚಿಕಿತ್ಸೆ ನಡೆದದ್ದು ಶಾಲೆಯೊಂದರ ಶಿಬಿರದಲ್ಲಿ, ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಸಾವಿರ ಸಾವಿರ ಜನರ ಕಣ್ಣು ತೆರೆಸುತ್ತಿದ್ದ ಕಾಲದಲ್ಲಿ. ಆಗ ಪೊರೆ ಬಂದ ಲೆನ್ಸನ್ನು ಇಡಿಯಾಗಿ ತೆಗೆಯುತ್ತಿದ್ದರೇ ಹೊರತು ಬದಲಿಗೆ ಏನೂ ಕೂಡಿಸುತ್ತಿರಲಿಲ್ಲ. ತಲೆ ಅಲುಗದಂತೆ ಎರಡೂ ಬದಿಗೆ ಮರಳಿನ ಚೀಲ ಇಟ್ಟು ದಿನಗಟ್ಟಲೆ ಅಂಗಾತ ಮಲಗಿಸುತ್ತಿದ್ದರು. ಆ ಮೇಲೆ ಮುತ್ಯಾ ಸಾಯುವವರೆಗೂ ಹಾಕಿಕೊಂಡ, ಸೀಸೆಯ ತಳದಂತೆ ದಪ್ಪಗಿದ್ದ ಕನ್ನಡಕವನ್ನು ನಾನೂ ನೋಡಿದ್ದೇನೆ. ಅದರೊಳಗೆ ಅವನ ಕಣ್ಣುಗಳು ಎತ್ತಿನ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಕಣ್ಣಿನೊಳಗೆ ಲೆನ್ಸ್ ಕೂಡಿಸುವ ಪ್ರಯೋಗವನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಮಾಡಿದ್ದರೂ ಅದು ನಮ್ಮಂಥವರ ಮನೆಗೆ ಬರಲು ದಶಕಗಳೇ ಹಿಡಿದವು. ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ಆರೋಲ್ಯಾಬ್ ಸ್ಥಾಪಿಸಿ ಲೆನ್ಸುಗಳನ್ನು ಇಲ್ಲಿಯೇ ತಯಾರಿಸಿದ ಮೇಲೆ ಬೆಲೆ ಇಳಿಯಿತು. ಅವ್ವನ ಎರಡೂ ಕಣ್ಣಿನಲ್ಲಿ ಅಂಥವೇ ಲೆನ್ಸುಗಳಿವೆ. ಈಗಲೂ ಸೂಜಿಗೆ ದಾರ ಪೋಣಿಸಲು ಮಾತ್ರ ಕನ್ನಡಕ ಹುಡುಕುತ್ತಾಳೆ.

ಡಾಕ್ಟರು ನನಗಿಂತ ಚಿಕ್ಕವರು, ಸೇಡಂ ಕಡೆಯವರು. ದುಬೈನಿಂದ ಬರೆದುಕೊಂಡು ಬಂದಿದ್ದ ಪ್ರಶ್ನೆಗಳ ಹಾಳೆಯನ್ನು ಸಂಕೋಚದಿಂದ ತೆಗೆದಾಗ ಅವರು ನಗುತ್ತ, "ಕೇಳ್ರಿ, ಕೇಳದ ಮಾಡಿಸ್ಕೊಳ್ಳೋರ್ಗಿಂತ ಕೇಳಿ ಮಾಡಿಸ್ಕೊಳ್ಳೋರು ಛಲೋ" ಎಂದರು. ಲೆನ್ಸ್ ಹಿಂದಕ್ಕೆ ಜಾರಿಬಿದ್ದರೆ ಏನು ಗತಿ ಎಂದು ಕೇಳಿದೆ. ರೆಟಿನಾ ನೋಡುವ ಸರ್ಜನ್ ವಾರಕ್ಕೊಮ್ಮೆ ಇಲ್ಲಿಗೇ ಬರುತ್ತಾರೆ, ಅವರು ಇಲ್ಲದ ದಿನ ಹಾಗಾದರೆ ನಿಮ್ಮನ್ನು ಹೈದರಾಬಾದಿಗೆ ಕಳಿಸಬೇಕಾಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ದುಬೈನಲ್ಲಾದರೆ ಆ ಸರ್ಜನ್ ಮೇಲಿನ ಮಹಡಿಯಲ್ಲೇ ಇದ್ದರು. ಈ ಒಂದು ವಿಷಯದಲ್ಲಿ ಊರು ಸೋತಿತು ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ.

ಆದರೆ ಲೆನ್ಸಿನ ಮಾತಿನಲ್ಲಿ ಊರು ಗೆದ್ದಿತು. ದುಬೈನ ಆ ಆಸ್ಪತ್ರೆಯಲ್ಲಿ ಡಾಕ್ಟರರಿಗಿಂತ ಹೆಚ್ಚು ಹೊತ್ತು ನನ್ನೊಂದಿಗೆ ಮಾತನಾಡಿದ್ದು ಸಲಹೆ ಕೊಡುವ ಹುಡುಗಿ. ದೂರ ಹತ್ತಿರ ಎರಡೂ ಕಾಣುವ ದುಬಾರಿ ಲೆನ್ಸನ್ನು ಹಾಕಿಸಿಕೊಂಡರೆ ಕನ್ನಡಕವೇ ಬೇಡ, ಹೆಚ್ಚಿನ ಹಣವನ್ನು ಮಾತ್ರ ನೀವು ಕೊಡಿ ಎಂದು ಮೂರು ಸಲ ಫೋನ್ ಮಾಡಿದ್ದಳು. ಸೇಡಂನ ಡಾಕ್ಟರು ನನ್ನ ಕೆಲಸವೇನೆಂದು ಕೇಳಿ, "ರಾತ್ರಿ ಗಾಡಿ ಹೊಡೀತಿರಿ, ಸಕ್ರಿ ಬ್ಯಾರೆ ಅದ. ಆ ಲೆನ್ಸ್ ನಿಮಗ ಬ್ಯಾಡ್ರಿ. ದೀಪದ ಸುತ್ತ ಬಳಿ ಕಾಣಸ್ತಾವ. ಈಗ ಯಾವ ತ್ರಾಸಿಗೆ ಬಂದೀರೋ ಅದೇ ತ್ರಾಸ ದುಡ್ಡು ಕೊಟ್ಟು ತೊಗೊಂಡಂಗ" ಎಂದರು. ದೂರಕ್ಕೆ ಸರಿಹೊಂದುವ ಸಾದಾ ಲೆನ್ಸ್, ಓದಲು ಕನ್ನಡಕ ಎಂದು ಅಲ್ಲಿಯೇ ನಿಶ್ಚಯಿಸಿದೆವು.

ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳಲು ಬಹಳವಿಲ್ಲ. ಡಿಸೆಂಬರ್ 24ರ ಬೆಳಿಗ್ಗೆ ಸಕ್ಕರೆ ನೋಡಿ, ಕಣ್ಣಿಗೆ ಹನಿ ಬಿಟ್ಟು ಮರಗಟ್ಟಿಸಿ, ಬೆಳಕನ್ನೇ ನೋಡುತ್ತಿರಿ ಎಂದರು. ಒಂದು ಯಂತ್ರದ ಗುಂಯ್‌ಗುಡುವಿಕೆ, ಕಣ್ಣಿನ ಮೇಲೆ ಹರಿಯುವ ತಣ್ಣೀರು, ನೀರೊಳಗಿಂದ ನೋಡಿದಂತೆ ಕದಡುವ ಬಣ್ಣಗಳು, ಹದಿನೈದು ನಿಮಿಷದ ಹೊತ್ತಿಗೆ ಮುಗಿಯಿತು. ಲೆನ್ಸಿನ ಶಕ್ತಿ ಮತ್ತು ಸಂಖ್ಯೆ ಅಂಟಿಸಿದ ಕಾರ್ಡೊಂದನ್ನು ಕೊಟ್ಟು, ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ ಎಂದರು. ಹನಿಗಳ ಜವಾಬ್ದಾರಿಯನ್ನು ಮಗಳು ವಹಿಸಿಕೊಂಡಳು. ಫೋನಿನಲ್ಲಿ ಆರು ಅಲಾರಂ ಇಟ್ಟು, ಪ್ರತಿ ಸಲ ಸೋಪಿನಿಂದ ಕೈ ತೊಳೆದು, ಎರಡು ಹನಿಗಳ ನಡುವೆ ಐದು ನಿಮಿಷ ಗಡಿಯಾರ ನೋಡುತ್ತ ನಿಲ್ಲುತ್ತಿದ್ದಳು. ಹದಿನೆಂಟು ವರ್ಷಗಳಲ್ಲಿ ಅವಳು ನನ್ನ ಎದುರಿಗೆ ಅಷ್ಟು ಹೊತ್ತು ನಿಂತದ್ದು ಅದೇ ಮೊದಲು.

ಒಂದು ವಿಷಯವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಡಿಸೆಂಬರ್ 30ಕ್ಕೆ ಎಳ್ಳಮಾವಾಸ್ಯೆ ಇತ್ತು. ಬೇರೆ ದೇಶದಲ್ಲಿದ್ದ ಅಷ್ಟೂ ವರ್ಷ ಆ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ತಪ್ಪಿತ್ತು, ಈ ಸಲ ಊರಿನಲ್ಲಿದ್ದೂ ತಪ್ಪಿತು. ಮಣ್ಣು, ಧೂಳು, ಎತ್ತಿನ ಗಾಡಿಯ ಕುಲುಕಾಟ ಯಾವುದೂ ಕೂಡದೆಂದು ಡಾಕ್ಟರರ ಕಟ್ಟಪ್ಪಣೆ. ಎಲ್ಲರೂ ಹೋದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತೆ. ಸಂಜೆ ತಮ್ಮನ ಹೆಂಡತಿ ಡಬ್ಬಿಯಲ್ಲಿ ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ತಂದು ಮುಂದಿಟ್ಟಳು. ಬೇಸರಕ್ಕೆ ಒಂದೊಂದೇ ಕಣ್ಣು ಮುಚ್ಚಿ ನೋಡತೊಡಗಿದೆ. ಬಲಗಣ್ಣಿಗೆ ಎದುರಿನ ಗೋಡೆ ನೀಲಿ ಹಾಕಿ ಒಗೆದ ಧೋತರದಂತೆ ಬೆಳ್ಳಗಿತ್ತು. ಎಡಗಣ್ಣಿಗೆ ಅದೇ ಗೋಡೆ ಹೊಗೆ ಹಿಡಿದಂತೆ ಹಳದಿಯಾಗಿತ್ತು. ಇಷ್ಟು ದಿನ ಒಳ್ಳೆಯದೆಂದು ನಂಬಿದ್ದ ಎಡಗಣ್ಣಿಗೂ ಸರದಿ ಬರುತ್ತಿದೆ ಎಂದು ಆಗ ತಿಳಿಯಿತು.

ವಾರದ ತಪಾಸಣೆ, ಹೊರಡುವ ಮುನ್ನಿನ ತಪಾಸಣೆ ಎರಡೂ ಸುಸೂತ್ರವಾಗಿ ಮುಗಿದವು. ಸಕ್ಕರೆ ಕಾಯಿಲೆಯವರಿಗೆ ನಾಲ್ಕರಿಂದ ಆರು ವಾರದ ಹೊತ್ತಿಗೆ ರೆಟಿನಾದ ನಡುಭಾಗದಲ್ಲಿ ಬಾವು ಬರುವುದುಂಟು, ಅಲ್ಲಿಗೆ ಹೋದ ಮೇಲೆ ಸ್ಕ್ಯಾನ್ ಮಾಡಿಸುವುದನ್ನು ಮರೆಯಬೇಡಿ ಎಂದು ಡಾಕ್ಟರು ಪತ್ರ ಬರೆದುಕೊಟ್ಟಿದ್ದರು. ಐದನೆಯ ವಾರ ರಾತ್ರಿಯ ದೀಪಗಳು ಮತ್ತೆ ದೀಪಗಳಾಗಿದ್ದರೂ ನೇರ ಗೆರೆಗಳು ಸ್ವಲ್ಪ ಸೊಟ್ಟಗೆ ಕಂಡವು. ಬಾವು ಬಂದಿತ್ತು. ದುಬೈನ ಡಾಕ್ಟರು ಬೇರೆಯವರು ಮಾಡಿದ ಕಣ್ಣೆಂದು ಮುಖ ಸಿಂಡರಿಸುವರೇನೋ ಎಂದು ಅಳುಕಿದ್ದೆ. ಅವರು ಕಾರ್ಡನ್ನೂ ಪತ್ರವನ್ನೂ ಓದಿ, ಲೆನ್ಸ್ ಚೆನ್ನಾಗಿ ಕೂತಿದೆ ಎಂದಷ್ಟೇ ಹೇಳಿ, ಎರಡು ತಿಂಗಳಿಗೆ ಹೊಸ ಹನಿ ಬರೆದರು. ಪ್ರತಿ ಎರಡು ವಾರಕ್ಕೆ ಸ್ಕ್ಯಾನ್. ಹನಿ ನಾನೇ ಕನ್ನಡಿಯೆದುರು ಹಾಕಿಕೊಂಡೆ, ಅರ್ಧ ಕೆನ್ನೆಯ ಮೇಲೆ ಹರಿದುಹೋಗುತ್ತಿತ್ತು. ಬಾವು ಇಳಿಯಿತು.

ನೋಡಿಕೊಳ್ಳುವವರಿಗಾಗಿ ಬಲಗಣ್ಣನ್ನು ಊರಿಗೆ ಒಯ್ದಿದ್ದೆ. ಆದರೆ ಕಣ್ಣು ತೊಂದರೆ ಕೊಟ್ಟದ್ದು ರಜೆ ಮುಗಿದ ಮೇಲೆ. ಎಡಗಣ್ಣಿಗೂ ಹೀಗೆಯೇ ಬಾವು ಬರಬಹುದು ಎಂದಿದ್ದಾರೆ. ಹಾಗಾಗಿ ಅದನ್ನು ದುಬೈನಲ್ಲೇ ಮಾಡಿಸುವುದೆಂದೂ, ಮಗಳ ಪರೀಕ್ಷೆ ಮುಗಿದ ಮೇಲೆ ಹೆಂಡತಿಯೂ ಮಗಳೂ 60 ದಿನದ ವೀಸಾದ ಮೇಲೆ ಇಲ್ಲಿಗೆ ಬರುವುದೆಂದೂ ಮಾತಾಗಿದೆ. ಫೋನಿನಲ್ಲಿ ಇದನ್ನು ತಿಳಿಸಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ಮೊದಲ ಅದನ್ನೇ ಹೇಳಿದ್ನಲ್ಲೋ" ಎಂದಳು.