ಇಂಡೆಕ್ಸ್ ಹಾಕಿದ್ದೀವಲ್ಲ, ಮತ್ತೆ ರಿಪೋರ್ಟ್ ಯಾಕೆ ನಿಧಾನ?

ಬಿಲ್ಲಿಂಗ್ ಮತ್ತು ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಹಾಗಾಗಿ ಡೆವಲಪರ್ ಗೆಳೆಯರು ಫೋನ್ ಮಾಡಿದರೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. “ಎಲ್ಲಾ ಕಾಲಂಗೂ ಇಂಡೆಕ್ಸ್ ಹಾಕಿದ್ದೀವಿ. ಆದ್ರೂ ರಿಪೋರ್ಟ್ ಬರೋಕೆ ನಿಮಿಷಗಟ್ಟಲೆ ಆಗುತ್ತೆ. ಸರ್ವರ್ ದೊಡ್ಡದು ತಗೋಬೇಕಾ?”

ಸದ್ಯಕ್ಕೆ ಬೇಡ. ಕಾಯಿಲೆ ಆ ಮೊದಲ ಮಾತಿನಲ್ಲೇ ಇದೆ. ಇಂಡೆಕ್ಸ್ ಅಂದರೆ ಡೇಟಾಬೇಸ್ ಟೇಬಲ್‌ನಲ್ಲಿ ಬೇಕಾದ ಸಾಲನ್ನು ಬೇಗ ಹುಡುಕಲು ಪಕ್ಕದಲ್ಲಿ ಇಟ್ಟುಕೊಳ್ಳುವ ಪಟ್ಟಿ. ಎಲ್ಲಾ ಕಾಲಂಗೂ ಒಂದೊಂದು ಇಂಡೆಕ್ಸ್ ಹಾಕುವುದು ಅಂದರೆ ಯಾವ ರಿಪೋರ್ಟ್ ಏನು ಕೇಳುತ್ತದೆ ಎಂದು ಯೋಚಿಸದೇ ಇರುವುದು.

ಇದು ನನ್ನ ತಲೆಗೆ ಹೋಗಿದ್ದು ದಾವಣಗೆರೆಯ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ. ಸಾಫ್ಟ್‌ವೇರ್ ನಾನೇ ಬರೆದದ್ದು, ಹಾಗಾಗಿ ತಪ್ಪೂ ನನ್ನದೇ. ಪೋಸ್ಟ್‌ಗ್ರೆಸ್ ಡೇಟಾಬೇಸ್, ಅಂಗಡಿಯ ಮೂಲೆಯಲ್ಲಿ ಹಳೇ ಹಾರ್ಡ್ ಡಿಸ್ಕಿನ ಒಂದು ಮಷೀನ್, ಬಿಲ್ ಟೇಬಲ್‌ನಲ್ಲಿ ಆರು ವರ್ಷದ ಸುಮಾರು 40 ಲಕ್ಷ ಸಾಲು. ಒಬ್ಬ ದೊಡ್ಡ ಪಾರ್ಟಿಯ ವರ್ಷದ ಸ್ಟೇಟ್‌ಮೆಂಟ್ ಕೇಳಿದರೆ ಮುಕ್ಕಾಲು ನಿಮಿಷ ಚಕ್ರ ತಿರುಗುತ್ತಿತ್ತು. ಅಲ್ಲಿನ ಗುಮಾಸ್ತರಿಗೆ ಅರವತ್ತು ದಾಟಿತ್ತು. “ಸಾರ್, ಬೇಜಾರ್ ಮಾಡ್ಕೋಬೇಡಿ. ಖಾತೆ ಪುಸ್ತಕ ಇದ್ದಾಗ ಇಷ್ಟೊತ್ತಿಗೆ ನಾನು ಹೇಳಿ, ಪಾರ್ಟಿಗೆ ಚಾ ಕೊಟ್ಟು ಕಳಿಸಿರ್ತಿದ್ದೆ” ಅಂದರು.

ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಹಳೇ ಪದ್ಧತಿಯಲ್ಲಿ ಎರಡು ಪುಸ್ತಕ ಇರುತ್ತಿದ್ದವು. ಒಂದು ಕಿರ್ದಿ. ದಿನದ ವ್ಯವಹಾರ ಆದ ಹಾಗೇ ಒಂದರ ಕೆಳಗೊಂದು ಅದರಲ್ಲಿ ಬರೆಯುವುದು. ಇನ್ನೊಂದು ಖಾತೆ. ಅಲ್ಲಿ ಒಬ್ಬೊಬ್ಬ ಪಾರ್ಟಿಗೂ ಬೇರೆ ಪುಟ, ಆ ಪುಟದೊಳಗೆ ತಾರೀಖಿನ ಕ್ರಮ, ಪಕ್ಕದಲ್ಲಿ ಕಿರ್ದಿಯ ಪುಟದ ನಂಬರ್, ಮತ್ತೆ ಮೊತ್ತ. ನಮ್ಮ ಬಿಲ್ ಟೇಬಲ್ ಅಂದರೆ ಕಿರ್ದಿ. ಇಂಡೆಕ್ಸ್ ಅಂದರೆ ಖಾತೆ. ನಾನು ಮಾಡಿದ್ದೇನು? ಪಾರ್ಟಿಗೆ ಒಂದು ಇಂಡೆಕ್ಸ್, ತಾರೀಖಿಗೆ ಒಂದು, ಬ್ರಾಂಚಿಗೆ ಒಂದು, ಸ್ಟೇಟಸ್‌ಗೆ ಒಂದು. ನಾಲ್ಕು ಅರ್ಧಂಬರ್ಧ ಪುಸ್ತಕ ಇಟ್ಟಿದ್ದೆ, ಸರಿಯಾದ ಖಾತೆ ಒಂದೂ ಇರಲಿಲ್ಲ.

ಹುಡುಕುವ ಮೊದಲು ನೋಡಬೇಕಾದದ್ದು ಎಕ್ಸ್‌ಪ್ಲೇನ್ ಅನಲೈಜ್ ಅನ್ನುವ ಆಜ್ಞೆ ಕೊಡುವ ಪ್ಲಾನ್, ಅಂದರೆ ನಮ್ಮ ಕ್ವೆರಿಗೆ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ) ಉತ್ತರ ತರಲು ಪೋಸ್ಟ್‌ಗ್ರೆಸ್ ಹಿಡಿದ ದಾರಿ. ಈ ಆಜ್ಞೆ ಕ್ವೆರಿಯನ್ನು ನಿಜವಾಗಿಯೂ ಓಡಿಸುತ್ತದೆ, ಡಿಲೀಟ್ ಕ್ವೆರಿಯ ಮುಂದೆ ಹಾಕಿ ಆಮೇಲೆ ನನ್ನನ್ನು ಬೈಯಬೇಡಿ. ಆ ಪ್ಲಾನಿನಲ್ಲಿ ಹೊಸಬರು ‘ಸೀಕ್ವೆನ್ಶಿಯಲ್ ಸ್ಕ್ಯಾನ್’ (ಇಡೀ ಟೇಬಲ್ ಓದುವುದು) ಅನ್ನುವ ಪದ ಕಂಡ ಕೂಡಲೇ ಗಾಬರಿಯಾಗುತ್ತಾರೆ. ನಾನು ಮೊದಲು ಹುಡುಕುವುದು ‘ರೋಸ್ ರಿಮೂವ್ಡ್ ಬೈ ಫಿಲ್ಟರ್’ ಅನ್ನುವ ಸಾಲು. ಓದಿದ ಮೇಲೆ ಎಷ್ಟು ಸಾಲು ಬಿಸಾಡಿತು ಅನ್ನುವ ಲೆಕ್ಕ ಅದು. ನಮ್ಮ ಆ ಪಾರ್ಟಿಗೆ ಆರು ವರ್ಷದಲ್ಲಿ ಹತ್ತಿರ ಹತ್ತಿರ 9,000 ಬಿಲ್. ಬೇಕಾಗಿದ್ದು ಒಂದು ವರ್ಷದ 1,500. ಪಾರ್ಟಿಯ ಇಂಡೆಕ್ಸ್ ಹಿಡಿದು ಹೋದ ಪೋಸ್ಟ್‌ಗ್ರೆಸ್, ಅಷ್ಟೂ 9,000 ಸಾಲನ್ನು ಟೇಬಲ್‌ನಿಂದ ಎತ್ತಿ ತಂದು, ತಾರೀಖು ನೋಡಿ, 7,500 ಸಾಲನ್ನು ಎಸೆಯುತ್ತಿತ್ತು.

ಎತ್ತಿ ತರುವುದು ಸುಲಭದ ಕೆಲಸ ಅಲ್ಲ. ಬಿಲ್ಲುಗಳು ತಾರೀಖಿನ ಕ್ರಮದಲ್ಲಿ ಕೂತಿರುತ್ತವೆ, ಒಬ್ಬ ಪಾರ್ಟಿಯ ಬಿಲ್ ಟೇಬಲ್ ತುಂಬ ಚೆದುರಿರುತ್ತದೆ. ಒಂದೊಂದು ಬಿಲ್ಲಿಗೂ ಹೆಚ್ಚುಕಡಿಮೆ ಒಂದೊಂದು ಬೇರೆ ಪುಟ, ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪುಟ 8 ಕಿಲೋಬೈಟ್. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಬೇರೆ ಜಾಗಕ್ಕೆ ಹಾರಿ ಒಂದು ಪುಟ ಓದಲು ಐದಾರು ಮಿಲಿಸೆಕೆಂಡ್ ಬೇಕು. 9,000 ಪುಟಕ್ಕೆ ಗುಣಿಸಿ. ಮುಕ್ಕಾಲು ನಿಮಿಷ ಸಿಕ್ಕಿತಲ್ಲ! ಎಸ್‌ಎಸ್‌ಡಿ ಬಂದ ಮೇಲೆ ಈ ನೋವು ಕಡಿಮೆಯಾಗಿದೆ. ನಾವು ಸೋಮಾರಿಗಳಾಗಿದ್ದೂ ಅದರಿಂದಲೇ.

ಪಾರ್ಟಿ ಮೊದಲು, ತಾರೀಖು ಆಮೇಲೆ ಬರುವ ಒಂದೇ ಜೋಡಿ ಇಂಡೆಕ್ಸ್ ಹಾಕಿದೆ. ಎಂಟು ಸೆಕೆಂಡಿಗೆ ಇಳಿಯಿತು. ಈಗ ಆ 1,500 ಬಿಲ್ಲುಗಳನ್ನು ಮಾತ್ರ ಎತ್ತುತ್ತಿತ್ತು. ಆದರೂ ಎಂಟು ಸೆಕೆಂಡ್ ಯಾಕೆ? ಇಂಡೆಕ್ಸ್‌ನಲ್ಲಿ ಕಿರ್ದಿಯ ಪುಟದ ನಂಬರ್ ಇತ್ತು, ಮೊತ್ತ ಇರಲಿಲ್ಲ. ಮೊತ್ತಕ್ಕಾಗಿ ಮತ್ತೆ ಕಿರ್ದಿ ತೆರೆಯಬೇಕು. ಗುಮಾಸ್ತರು ಖಾತೆಯಲ್ಲೇ ಮೊತ್ತ ಬರೆದಿಡುತ್ತಿದ್ದರು, ಅದಕ್ಕೇ ಅವರಿಗೆ ಕಿರ್ದಿ ಮುಟ್ಟುವ ಕೆಲಸ ಇರಲಿಲ್ಲ. ಪೋಸ್ಟ್‌ಗ್ರೆಸ್ 11ನೇ ಆವೃತ್ತಿಯಿಂದ ಇದಕ್ಕೆ ‘ಇನ್‌ಕ್ಲೂಡ್’ ಇದೆ. ಬಿಲ್ ನಂಬರ್ ಮತ್ತು ಮೊತ್ತವನ್ನು ಹೀಗೆ ಸೇರಿಸಿದೆ. ಇಂಡೆಕ್ಸ್ ಓದಿದರೆ ಸಾಕು, ಟೇಬಲ್ ಬೇಕಿಲ್ಲ ಅನ್ನುವ ಸ್ಥಿತಿ ಬಂತು. ವ್ಯಾಕ್ಯೂಮ್, ಅಂದರೆ ಸತ್ತ ಸಾಲುಗಳನ್ನು ಗುಡಿಸುವ ಕೆಲಸ, ಸರಿಯಾಗಿ ಓಡುತ್ತಿದ್ದರೆ ಮಾತ್ರ ಈ ಲಾಭ, ಇಲ್ಲದಿದ್ದರೆ ಸಾಲು ಜೀವಂತ ಇದೆಯಾ ಎಂದು ನೋಡಲು ಅದು ಮತ್ತೆ ಟೇಬಲ್‌ಗೆ ಹೋಗುತ್ತದೆ. ರಾತ್ರಿ ವ್ಯಾಕ್ಯೂಮ್ ಕೊಟ್ಟು, ಬೆಳಿಗ್ಗೆ ನೋಡಿದೆ. ಎಂಟರ್ ಒತ್ತಿದ ಕೈ ತೆಗೆಯುವಷ್ಟರಲ್ಲಿ ಸ್ಟೇಟ್‌ಮೆಂಟ್ ಬಂತು.

ಇನ್ನೊಂದು ಮಾತು. ಕ್ವೆರಿಯನ್ನು ಎರಡನೇ ಸಲ ಓಡಿಸಿ “ಅರೆ, ಸರಿಹೋಯ್ತು” ಅನ್ನುವವರು ಬಹಳ. ಸರಿಹೋಗಿರುವುದಿಲ್ಲ, ಪುಟಗಳು ಮೆಮೊರಿಗೆ ಬಂದಿರುತ್ತವೆ ಅಷ್ಟೇ. ಪ್ಲಾನ್ ಕೇಳುವಾಗ ‘ಬಫರ್ಸ್’ ಸೇರಿಸಿ ಕೇಳಿ, ಎಷ್ಟು ಪುಟ ಮುಟ್ಟಿತು ಎಂದು ಗೊತ್ತಾಗುತ್ತದೆ. ಸೆಕೆಂಡ್ ಏರಿಳಿಯುತ್ತದೆ, ಪುಟದ ಲೆಕ್ಕ ಹೆಚ್ಚು ಅಲ್ಲಾಡುವುದಿಲ್ಲ.

ಕಾಲಂಗಳ ಕ್ರಮ ತಿರುಗಿಸಿದರೆ ಏನಾಗುತ್ತಿತ್ತು? ತಾರೀಖು ಮೊದಲು, ಪಾರ್ಟಿ ಆಮೇಲೆ ಅಂದುಕೊಳ್ಳಿ. ಆಗ ಪುಸ್ತಕದಲ್ಲಿ ಏಪ್ರಿಲ್ 1ರ ಎಲ್ಲ ಪಾರ್ಟಿಗಳು, ಏಪ್ರಿಲ್ 2ರ ಎಲ್ಲ ಪಾರ್ಟಿಗಳು, ಹೀಗೆ ಹೋಗುತ್ತದೆ. ಒಬ್ಬನಿಗಾಗಿ ವರ್ಷದ ಅಷ್ಟೂ ಪುಟ ಮಗುಚಬೇಕು. ‘ಇಂಥದ್ದೇ’ ಎಂದು ಕೇಳುವ ಕಾಲಂ ಮುಂದೆ ಇರಲಿ, ‘ಇಲ್ಲಿಂದ ಇಲ್ಲಿಯವರೆಗೆ’ ಎಂದು ಕೇಳುವ ಕಾಲಂ ಹಿಂದೆ ಇರಲಿ. ‘ಜಾಸ್ತಿ ಬೇರೆ ಬೇರೆ ಮೌಲ್ಯ ಇರುವ ಕಾಲಂ ಮುಂದೆ ಹಾಕಿ’ ಎಂದು ಹೇಳಿಕೊಡುವವರಿದ್ದಾರೆ. ಅದನ್ನು ನಂಬಿ ತಾರೀಖನ್ನು ಮುಂದೆ ಹಾಕಿ ಕೆಟ್ಟವರನ್ನು ನಾನು ನೋಡಿದ್ದೇನೆ.

ಈ ಪುಸ್ತಕದ ಒಳಗಿನ ರಚನೆಗೆ ಬಿ-ಟ್ರೀ ಅನ್ನುತ್ತಾರೆ. ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಬೋಯಿಂಗ್ ಕಂಪನಿಯ ಸಂಶೋಧನಾ ವಿಭಾಗದಲ್ಲಿದ್ದಾಗ 1970ರ ಹೊತ್ತಿಗೆ ರೂಪಿಸಿದ್ದು. ಆ ‘ಬಿ’ ಏನು ಎಂದು ಅವರು ಬಿಡಿಸಿ ಹೇಳಲೇ ಇಲ್ಲ. ಒಂದು ಪುಟದಲ್ಲಿ 300 ನಮೂದು ಹಿಡಿಸುತ್ತದೆ ಅಂದುಕೊಂಡರೆ ಮೂರು ಮೆಟ್ಟಿಲು ಇಳಿದರೆ, ಅಂದರೆ ಮೂರು ಪುಟ ಓದಿದರೆ, 2 ಕೋಟಿ 70 ಲಕ್ಷ ಸಾಲಿನಲ್ಲಿ ಬೇಕಾದದ್ದು ಸಿಗುತ್ತದೆ. ಹೀಗಾಗಿ “ಡೇಟಾ ಜಾಸ್ತಿ ಆಯ್ತು, ಅದಕ್ಕೇ ನಿಧಾನ” ಅನ್ನುವ ಮಾತನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ.

ಇಂಡೆಕ್ಸ್ ಸರಿಯಾಗಿದ್ದೂ ಕೆಲಸಕ್ಕೆ ಬಾರದೇ ಹೋಗುವುದುಂಟು. ಹೆಚ್ಚಾಗಿ ತಾರೀಖಿನ ಕಾಲಂಗೆ ಫಂಕ್ಷನ್ ಸುತ್ತಿದಾಗ ಹೀಗಾಗುತ್ತದೆ. ಸಮಯವನ್ನು ಯುಟಿಸಿಯಲ್ಲಿ (ಅಂತರರಾಷ್ಟ್ರೀಯ ಸಮಯದಲ್ಲಿ) ಇಟ್ಟಿರುತ್ತೇವೆ. ಭಾರತದ ಸಮಯಕ್ಕೆ ಬದಲಿಸಿ, ಗಂಟೆ ಕತ್ತರಿಸಿ, ‘ಇದು ಏಪ್ರಿಲ್ 1ಕ್ಕೆ ಸಮವೇ?’ ಎಂದು ಕೇಳುತ್ತೇವೆ. ಇಂಡೆಕ್ಸ್‌ನಲ್ಲಿ ಬರೆದಿರುವುದು ಮೂಲ ಸಮಯ. ಬದಲಿಸಿದ ಮೇಲಿನದ್ದು ಅದಕ್ಕೆ ಗೊತ್ತಿಲ್ಲ. ಲೆಕ್ಕವನ್ನು ಆಚೆ ಕಡೆ ಮಾಡಿ. ನಮ್ಮ ಏಪ್ರಿಲ್ 1 ಶುರುವಾಗುವುದು ಯುಟಿಸಿಯ ಮಾರ್ಚ್ 31ರ ಸಂಜೆ 6:30ಕ್ಕೆ. ‘ಅಲ್ಲಿಂದ ಶುರು, ಮರುದಿನ ಅದೇ ಹೊತ್ತಿಗಿಂತ ಕಡಿಮೆ’ ಎಂದು ಕೇಳಿದರೆ ಇಂಡೆಕ್ಸ್ ತಾನಾಗಿ ಸಿಗುತ್ತದೆ. ‘ಬಿಟ್ವೀನ್’ ಬಳಸಿ ಕೊನೇ ದಿನದ ಬಿಲ್ಲುಗಳನ್ನೇ ಕಳೆದುಕೊಳ್ಳುವ ಪಾಡೂ ತಪ್ಪುತ್ತದೆ. ಮೈಎಸ್‌ಕ್ಯೂಎಲ್ ಬಳಸುವವರು ಇನ್ನೊಂದು ನೋಡಿಕೊಳ್ಳಿ. ಮೊಬೈಲ್ ನಂಬರ್ ಅಕ್ಷರದ ಕಾಲಂನಲ್ಲಿದ್ದು, ನೀವು ಕೋಟ್ ಇಲ್ಲದೆ ಸಂಖ್ಯೆಯಾಗಿ ಹೋಲಿಸಿದರೆ ಇಂಡೆಕ್ಸ್ ಕೈಕೊಡುತ್ತದೆ.

ಸ್ಟೇಟಸ್‌ನಂಥ ಕಾಲಂಗೆ ಸುಮ್ನೆ ಇಂಡೆಕ್ಸ್ ಹಾಕಿ ಪ್ರಯೋಜನ ಕಡಿಮೆ. ನೂರರಲ್ಲಿ ತೊಂಬತ್ತೇಳು ಬಿಲ್ ‘ಪಾವತಿ ಆಗಿದೆ’. ಅವುಗಳ ಪಟ್ಟಿ ಇಂಡೆಕ್ಸ್‌ನಲ್ಲಿ ಯಾಕೆ ಬೇಕು? ‘ಬಾಕಿ ಇರುವ ಬಿಲ್ ಮಾತ್ರ’ ಎಂದು ಷರತ್ತು ಹಾಕಿ ಪಾರ್ಶಿಯಲ್ ಇಂಡೆಕ್ಸ್ ಮಾಡಿ. ಪಾರ್ಟಿವಾರು ಬಾಕಿ ಪಟ್ಟಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಹಣ ಬಂದ ಕೂಡಲೇ ಆ ಬಿಲ್ ಪಟ್ಟಿಯಿಂದ ಹೊರಗೆ. ಸಾಹುಕಾರರು ಚೀಟಿಯಲ್ಲಿ ಬರೆದುಕೊಂಡ ಸಾಲದ ಪಟ್ಟಿಯ ಹಾಗೆ, ಚಿಕ್ಕದಾಗಿಯೇ ಉಳಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಪಾರ್ಟಿವಾರು ಖಾತೆ ಬೇಡವೇ ಬೇಡ ಅನ್ನುವ ರಿಪೋರ್ಟ್‌ಗಳೂ ಇವೆ. ಜಿಎಸ್‌ಟಿಆರ್-1, ಅಂದರೆ ಜಿಎಸ್‌ಟಿಗೆ ಕೊಡುವ ತಿಂಗಳ ಮಾರಾಟದ ವಿವರ, ತೆಗೆದುಕೊಳ್ಳಿ. ಮುಂದಿನ ತಿಂಗಳ 11ರೊಳಗೆ ಕೊಡಬೇಕು, ಒಂದು ತಿಂಗಳ ಎಲ್ಲ ಪಾರ್ಟಿಗಳ ಎಲ್ಲ ಬಿಲ್ ಬೇಕು. ಅದು ಕಿರ್ದಿಯಲ್ಲೇ ಒಟ್ಟಿಗೆ ಇದೆ, ಪುಟದ ಪಕ್ಕ ಪುಟ. ಇಲ್ಲಿ ತಾರೀಖಿನ ಸಾದಾ ಇಂಡೆಕ್ಸ್ ಚೆನ್ನಾಗಿ ಕೆಲಸ ಮಾಡುತ್ತದೆ. ಟೇಬಲ್ ಬಹಳ ದೊಡ್ಡದಾದರೆ ‘ಬ್ರಿನ್’ ಅನ್ನುವ ಪುಟಾಣಿ ಇಂಡೆಕ್ಸ್ ಇದೆ, ‘ಈ ಪುಟಗಳಲ್ಲಿ ಇಷ್ಟರಿಂದ ಇಷ್ಟು ತಾರೀಖು’ ಎಂದಷ್ಟೇ ಬರೆದಿಟ್ಟುಕೊಳ್ಳುತ್ತದೆ. ಇನ್ನು ಆರು ವರ್ಷದ ಒಟ್ಟು ಮಾರಾಟ ಕೇಳಿದರೆ ಸೀಕ್ವೆನ್ಶಿಯಲ್ ಸ್ಕ್ಯಾನ್ ಆಗಲಿ ಬಿಡಿ. ಎಲ್ಲವನ್ನೂ ಓದಬೇಕಾದಾಗ ಮೊದಲ ಪುಟದಿಂದ ಕೊನೇ ಪುಟದವರೆಗೆ ಓದುವುದೇ ಬೇಗ. ಅದೇ ಅಂಕಿಯನ್ನು ದಿನಾ ಕೇಳುವವರಿದ್ದರೆ ತಿಂಗಳ ಮೊತ್ತವನ್ನು ಬೇರೆ ಟೇಬಲ್‌ಗೆ ಕೂಡಿಟ್ಟುಬಿಡಿ. ಹಿಂದಿನ ಪುಟದ ಮೊತ್ತವನ್ನು ಮುಂದಿನ ಪುಟದ ತಲೆಗೆ ಬರೆಯುವುದು ಗುಮಾಸ್ತರಿಗೆ ನಾವು ಹೇಳಿಕೊಡಬೇಕಾಗಿರಲಿಲ್ಲ.

ಟೇಬಲ್‌ನಲ್ಲಿ ಏನೇನು ಎಷ್ಟಿದೆ ಎಂದು ಪೋಸ್ಟ್‌ಗ್ರೆಸ್ ಇಟ್ಟುಕೊಳ್ಳುವ ಅಂಕಿಅಂಶ ಹಳೆಯದಾಗುವುದೂ ಒಂದು ಕಾಟ. ಪೋಸ್ಟ್‌ಗ್ರೆಸ್ ತಾನಾಗಿಯೇ ಅನಲೈಜ್ ಮಾಡುವುದು (ಆ ಅಂಕಿಅಂಶವನ್ನು ಹೊಸದು ಮಾಡುವುದು), ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ, ಟೇಬಲ್‌ನ ಸುಮಾರು ಶೇ. 10ರಷ್ಟು ಬದಲಾದ ಮೇಲೆ. 40 ಲಕ್ಷದ ಟೇಬಲ್‌ಗೆ ಅದು 4 ಲಕ್ಷ ಸಾಲು. ದಿನಕ್ಕೆ ಎರಡು ಸಾವಿರ ಚಿಲ್ಲರೆ ಬಿಲ್ ಮಾಡುವ ಅಂಗಡಿಗೆ ಹೆಚ್ಚುಕಡಿಮೆ ಆರು ತಿಂಗಳು. ಅಷ್ಟು ದಿನ ಈ ತಿಂಗಳ ಬಿಲ್ ಎಷ್ಟಿವೆ ಎಂದು ಅದಕ್ಕೆ ಸರಿಯಾದ ಅಂದಾಜೇ ಇರುವುದಿಲ್ಲ. ತಪ್ಪು ಅಂದಾಜಿಗೆ ತಪ್ಪು ಪ್ಲಾನ್. ಮೊದಲನೇ ತಾರೀಖಿನ ರಿಪೋರ್ಟ್ ಚುರುಕು, ಮೂವತ್ತನೇ ತಾರೀಖಿನದ್ದು ಆಮೆ ಅಂದರೆ ಇದನ್ನು ಅನುಮಾನಿಸಿ. ರಾತ್ರಿ ಒಂದು ಅನಲೈಜ್ ಇಟ್ಟರೆ ಮುಗಿಯಿತು.

ಹಾಗಾದರೆ ಒಂದೊಂದು ರಿಪೋರ್ಟಿಗೂ ಒಂದೊಂದು ಇಂಡೆಕ್ಸ್ ಮಾಡಿಬಿಡೋಣವೇ? ಪ್ರತಿ ಬಿಲ್ಲನ್ನೂ ಅಷ್ಟು ಪುಸ್ತಕದಲ್ಲಿ ಬರೆಯಬೇಕಾಗುತ್ತದೆ, ಕೌಂಟರ್‌ನಲ್ಲಿ ನಿಂತ ಗಿರಾಕಿ ಕಾಯಬೇಕಾಗುತ್ತದೆ. ದಾವಣಗೆರೆಯಲ್ಲಿ ಹೊಸ ಇಂಡೆಕ್ಸ್ ಬಂದ ಮೇಲೆ ಪಾರ್ಟಿಯ ಒಂಟಿ ಇಂಡೆಕ್ಸ್ ತೆಗೆದೆ, ಹೊಸದರ ಮುಂದಿನ ಕಾಲಂ ಅದೇ ಆದ್ದರಿಂದ. ಬ್ರಾಂಚಿನದ್ದೂ ಹೋಯಿತು, ಇದ್ದದ್ದೇ ಎರಡು ಬ್ರಾಂಚ್. ಯಾವ ಇಂಡೆಕ್ಸ್ ಎಷ್ಟು ಸಲ ಬಳಕೆಯಾಯಿತು ಅನ್ನುವ ಲೆಕ್ಕ ಪೋಸ್ಟ್‌ಗ್ರೆಸ್‌ನ ‘ಪಿಜಿ ಸ್ಟ್ಯಾಟ್ ಯೂಸರ್ ಇಂಡೆಕ್ಸಸ್’ ಅನ್ನುವ ಪಟ್ಟಿಯಲ್ಲಿ ಸಿಗುತ್ತದೆ. ಸೊನ್ನೆ ಕಂಡ ತಕ್ಷಣ ಅಳಿಸಬೇಡಿ. ಮಾರ್ಚ್ ಕೊನೆಗೆ ಒಮ್ಮೆ ಮಾತ್ರ ಓಡುವ ರಿಪೋರ್ಟ್ ಅದನ್ನೇ ನಂಬಿರಬಹುದು. ರಿಪೋರ್ಟ್‌ಗಳು ರೆಪ್ಲಿಕಾ (ಮೂಲದ ನಕಲು) ಸರ್ವರ್‌ನಲ್ಲಿ ಓಡುತ್ತಿದ್ದರೆ ಲೆಕ್ಕವನ್ನು ಅಲ್ಲೇ ನೋಡಬೇಕು, ಎರಡು ಕಡೆಯ ಎಣಿಕೆ ಬೇರೆ ಬೇರೆ.

ಕೊನೆಗೆ ಎಲ್ಲರೂ ಕೇಳುವ ಉಪಪ್ರಶ್ನೆ: ಇಂಡೆಕ್ಸ್ ಹಾಕಲು ಬಿಲ್ಲಿಂಗ್ ನಿಲ್ಲಿಸಬೇಕಾ? ಸಾದಾ ರೀತಿಯಲ್ಲಿ ಹಾಕಿದರೆ ಮುಗಿಯುವವರೆಗೆ ಹೊಸ ಬಿಲ್ ಬರೆಯಲು ಬಿಡುವುದಿಲ್ಲ. ‘ಕನ್ಕರೆಂಟ್ಲಿ’ ಸೇರಿಸಿದರೆ ಹೊತ್ತು ಜಾಸ್ತಿ ಹಿಡಿಯುತ್ತದೆ, ಆದರೆ ಅಂಗಡಿ ನಡೆಯುತ್ತಿರುತ್ತದೆ. ನಡುವೆ ಕರೆಂಟ್ ಹೋದರೆ ‘ಇನ್‌ವ್ಯಾಲಿಡ್’ ಎಂದು ಗುರುತಾದ ಅರೆಬರೆ ಇಂಡೆಕ್ಸ್ ಉಳಿದುಬಿಡುತ್ತದೆ. ಓದಲು ಉಪಯೋಗಕ್ಕಿಲ್ಲ, ಬರೆಯುವಾಗ ಮಾತ್ರ ಭಾರ. ಅದನ್ನು ಕಿತ್ತು ಮತ್ತೆ ಹಾಕಬೇಕು. ದಾವಣಗೆರೆಯಲ್ಲಿ ನನಗೆ ಹೀಗೇ ಎರಡು ಸಲ ಆಯಿತು, ಯುಪಿಎಸ್ ಬ್ಯಾಟರಿ ಸತ್ತಿತ್ತು. ಮೂರನೇ ಸಲಕ್ಕೆ ಗುಮಾಸ್ತರೇ ಪಕ್ಕದ ಅಂಗಡಿಯಿಂದ ಬ್ಯಾಟರಿ ತಂದು ಜೋಡಿಸಿಕೊಟ್ಟರು.